ಮೊಬೈಲ್ ಯುದ್ಧತಂತ್ರದ ಆಟದಲ್ಲಿ ಅಶ್ವದಳದ ದಳಪತಿ

ರೈಸ್ ಆಫ್ ಕಿಂಗ್‌ಡಮ್ಸ್ ಆಟದಲ್ಲಿ ಅಶ್ವದಳದ ದಳಪತಿಯ ಸಾಮರ್ಥ್ಯ ಮೂರು ಪದರಗಳಲ್ಲಿ ರೂಪುಗೊಳ್ಳುತ್ತದೆ. ಅವನ ಸ್ಕಿಲ್‌ಗಳು ಒಂದು ಪದರ, ಆಟಗಾರ ಅವನಿಗಾಗಿ ಆರಿಸುವ ಟ್ಯಾಲೆಂಟ್‌ಗಳು ಇನ್ನೊಂದು, ಅವನ ಜೊತೆಯಲ್ಲಿ ದಂಡು ನಡೆಸುವ ಎರಡನೆಯ ದಳಪತಿ ಮೂರನೆಯದು. ಶಾಂಘೈನ ಲಿಲಿತ್ ಗೇಮ್ಸ್ ಸಂಸ್ಥೆ 2018ರಲ್ಲಿ ರೈಸ್ ಆಫ್ ಸಿವಿಲೈಸೇಷನ್ಸ್ ಎಂಬ ಹೆಸರಿನಿಂದ ಬಿಡುಗಡೆ ಮಾಡಿ, ಮುಂದೆ ಈಗಿನ ಹೆಸರನ್ನಿಟ್ಟ ಈ ಆಟದಲ್ಲಿ ದಳಪತಿಗಳಲ್ಲಿ ಬಹುಪಾಲು ಇತಿಹಾಸದಿಂದ ಬಂದವರು. ಚೆಂಗೀಸ್ ಖಾನ್, ಸಲಾದಿನ್, ಸಾವ್ ಸಾವ್, ಬೈಬರ್ಸ್, ಬೆಲಿಸಾರಿಯಸ್, ಮಿನಾಮೊತೊ ಯೊಶಿತ್ಸುನೆ, ಅಟಿಲ, ತಕೆದಾ ಶಿಂಗೆನ್, ಚಂದ್ರಗುಪ್ತ ಮೌರ್ಯ ಇವರೆಲ್ಲ ಅಲ್ಲಿ ಕುದುರೆ ದಂಡಿನ ನಾಯಕರು. ಹಾಗಾಗಿ ಈ ಸಾಮರ್ಥ್ಯಗಳನ್ನು ಎರಡು ಅಳತೆಗಳಿಂದ ನೋಡಬೇಕಾಗುತ್ತದೆ: ಆಟದೊಳಗೆ ಅವು ಹೇಗೆ ಕೆಲಸ ಮಾಡುತ್ತವೆ ಎಂಬುದು ಒಂದು, ಆ ಮನುಷ್ಯರನ್ನು ದೊಡ್ಡ ದಳಪತಿಗಳನ್ನಾಗಿ ಮಾಡಿದ ಗುಣದಲ್ಲಿ ಎಷ್ಟನ್ನು ಅವು ಹಿಡಿದಿವೆ ಎಂಬುದು ಮತ್ತೊಂದು.

ಆಟದ ಸೇನೆಯಲ್ಲಿ ಪದಾತಿ, ಅಶ್ವದಳ, ಬಿಲ್ಲಾಳು, ಮುತ್ತಿಗೆ ಯಂತ್ರ ಎಂಬ ನಾಲ್ಕು ಬಗೆಗಳಿವೆ. ಮೊದಲ ಮೂರು ಒಂದು ಚಕ್ರದಲ್ಲಿ ಸುತ್ತುತ್ತವೆ. ಪದಾತಿಯ ಮುಂದೆ ಅಶ್ವದಳ ಸೋಲುತ್ತದೆ, ಅಶ್ವದಳದ ಮುಂದೆ ಬಿಲ್ಲಾಳು, ಬಿಲ್ಲಾಳಿನ ಮುಂದೆ ಪದಾತಿ. ಯುದ್ಧತಂತ್ರದ ಆಟಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಈ ಚಕ್ರಕ್ಕೆ ಇತಿಹಾಸದ ಆಧಾರವೂ ಉಂಟು. ಬಯಲಿನಲ್ಲಿ ಚದುರಿ ನಿಂತ ಬಿಲ್ಲಾಳುಗಳ ಮೇಲೆ ಕುದುರೆ ದಂಡು ನುಗ್ಗಿದರೆ ಅವರಿಗೆ ಉಳಿವಿಲ್ಲ. ಈಟಿಗಳನ್ನು ಒತ್ತಾಗಿ ಹಿಡಿದು ನಿಂತ ಕಾಲಾಳುಗಳ ಸಾಲಿಗೆ ಕುದುರೆ ತಾನಾಗಿ ನುಗ್ಗುವುದಿಲ್ಲ. ಆದರೆ 1346ರ ಕ್ರೆಸಿಯಲ್ಲೂ 1415ರ ಅಜಿನ್‌ಕೋರ್ಟ್‌ನಲ್ಲೂ ಇಂಗ್ಲೆಂಡಿನ ಬಿಲ್ಲಾಳುಗಳು ಫ್ರಾನ್ಸಿನ ಅಶ್ವಯೋಧರನ್ನು ಧೂಳೀಪಟ ಮಾಡಿದ್ದರು. ಅಜಿನ್‌ಕೋರ್ಟ್‌ನಲ್ಲಿ ಮಳೆ ನೆನೆಸಿದ್ದ ಉಳುಮೆಯ ನೆಲ, ಮುಂದೆ ನೆಟ್ಟಿದ್ದ ಚೂಪು ಗೂಟಗಳು, ಎರಡೂ ಬದಿಯ ಕಾಡು ಸೇರಿ ಆ ಫಲಿತಾಂಶ ಬಂತು. ಮಂಗೋಲರಂತೂ ಕುದುರೆಯ ಮೇಲೆ ಕುಳಿತೇ ಬಾಣ ಬಿಡುತ್ತಿದ್ದವರು, ಚಕ್ರದ ಯಾವ ಮನೆಗೂ ಅವರು ಸೇರುವುದಿಲ್ಲ. ಆಟದ ನಕ್ಷೆಯಲ್ಲಿ ಬೆಟ್ಟ ದಾರಿಯನ್ನು ತಡೆಯುತ್ತದೆ. ಕಾಲ ಕೆಳಗಿನ ಕೆಸರು ಮಾತ್ರ ಎಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಇತಿಹಾಸದಲ್ಲಿ ನೆಲವನ್ನು ಓದುವುದರಲ್ಲಿದ್ದ ದಳಪತಿಯ ಜಾಣ್ಮೆ ಆಟದಲ್ಲಿ ಎದುರಾಳಿಯ ದಳ ಯಾವ ಬಗೆಯದೆಂದು ಗುರುತಿಸುವುದಕ್ಕೆ ಇಳಿಯುತ್ತದೆ.

ಪ್ರತಿ ದಳಪತಿಗೂ ಒಂದು ಸಕ್ರಿಯ ಸ್ಕಿಲ್, ಅದರ ಹಿಂದೆ ಮೂರು ಸಹಜ ಸ್ಕಿಲ್‌ಗಳು ಇರುತ್ತವೆ. ಸಕ್ರಿಯ ಸ್ಕಿಲ್ ರೋಷದಿಂದ ನಡೆಯುತ್ತದೆ. ಹೊಡೆತ ಕೊಟ್ಟಂತೆ, ತಿರುಗೇಟು ಹಾಕಿದಂತೆ ದಂಡಿನ ರೋಷ ಏರುತ್ತದೆ. 1000ಕ್ಕೆ ಮುಟ್ಟಿದಾಗ ಸ್ಕಿಲ್ ಸಿಡಿದು ಲೆಕ್ಕ ಮತ್ತೆ ಕೆಳಗಿನಿಂದ ಆರಂಭವಾಗುತ್ತದೆ. ಸಹಜ ಸ್ಕಿಲ್‌ಗಳಿಗೆ ಇಂಥ ಕಾಯುವಿಕೆ ಇಲ್ಲ. ಕುದುರೆಗಳ ದಾಳಿಯ ಬಲ, ರಕ್ಷಣೆ, ಆಯುಷ್ಯ, ನಡಿಗೆಯ ವೇಗ ಇವುಗಳಲ್ಲಿ ಒಂದೆರಡನ್ನು ಅವು ಸದಾ ಹೆಚ್ಚಿಸಿಟ್ಟಿರುತ್ತವೆ, ಇಲ್ಲವೇ ಹೋರಾಟದ ನಡುವೆ ಇಂತಿಷ್ಟು ಸಂಭವದಲ್ಲಿ ತಾವಾಗಿ ಚುರುಕಾಗುತ್ತವೆ. ಪ್ರತಿ ಸ್ಕಿಲ್‌ಗೂ ಐದು ಹಂತ. ನಾಲ್ಕೂ ಐದನೆಯ ಹಂತ ಮುಟ್ಟಿದಾಗ ಪರಿಣತಿ ಎಂಬ ಐದನೆಯದು ತೆರೆದುಕೊಂಡು ದಳಪತಿಗೆ ಇನ್ನಷ್ಟು ಬಲ ಕೂಡುತ್ತದೆ.

ಸ್ಕಿಲ್‌ಗಳನ್ನು ಏರಿಸಲು ಆ ದಳಪತಿಯ ಪ್ರತಿಮೆಗಳನ್ನು ಕೂಡಿಹಾಕಿ ವ್ಯಯಿಸಬೇಕು. ಹಾಗೆ ವ್ಯಯಿಸಿದಾಗ ಯಾವ ಸ್ಕಿಲ್ ಏರುತ್ತದೆ ಎಂಬುದನ್ನು ಆಟಗಾರ ಆರಿಸುವಂತಿಲ್ಲ. ತೆರೆದಿರುವ ಸ್ಕಿಲ್‌ಗಳಲ್ಲಿ ಯಾವುದಾದರೊಂದು ಏರುತ್ತದೆ. ಈ ಅನಿಶ್ಚಿತತೆಯಿಂದ ಪಾರಾಗಲು ಅನುಭವಿಗಳು ರೂಢಿಸಿಕೊಂಡ ಉಪಾಯ ಗಮನಿಸಬೇಕಾದ್ದು. ಹೊಸ ಸ್ಕಿಲ್‌ಗಳು ನಕ್ಷತ್ರ ಏರಿದಂತೆ ತೆರೆಯುವುದರಿಂದ, ದಳಪತಿಯನ್ನು ಒಂದೇ ನಕ್ಷತ್ರದಲ್ಲಿ ತಡೆದು ನಿಲ್ಲಿಸಿ, ಮೊದಲ ಸ್ಕಿಲ್ ಐದಕ್ಕೆ ಏರುವ ತನಕ ಎರಡನೆಯ ನಕ್ಷತ್ರ ಕೊಡುವುದಿಲ್ಲ. ತೆರೆದಿರುವುದು ಒಂದೇ ಸ್ಕಿಲ್ ಆದ್ದರಿಂದ ಪ್ರತಿಮೆಗಳೆಲ್ಲ ಅದಕ್ಕೇ ಹೋಗುತ್ತವೆ. ದಳಪತಿಯ ಮಟ್ಟ 60ರ ತನಕ, ನಕ್ಷತ್ರ ಆರರ ತನಕ ಏರಬಲ್ಲದು. ಆ ಏರಿಕೆಯನ್ನು ಬೇಕೆಂದೇ ತಡೆಹಿಡಿಯುವ ಈ ಸಂಯಮ ಆಟದ ನಿಜವಾದ ತಂತ್ರಗಳಲ್ಲೊಂದು.

ಎರಡನೆಯ ಪದರ ಟ್ಯಾಲೆಂಟ್‌ಗಳದು. ಪ್ರತಿಯೊಬ್ಬನಿಗೂ ಮೂರು ಕವಲುಗಳು ಸಿಗುತ್ತವೆ. ಅಶ್ವದಳದ ದಳಪತಿಗೆ ಒಂದು ಕವಲು ಕುದುರೆಯದೇ. ಉಳಿದೆರಡು ಅವನ ಪಾತ್ರವನ್ನು ಗೊತ್ತುಮಾಡುತ್ತವೆ. ಸಾವ್ ಸಾವ್ ಮತ್ತು ಬೆಲಿಸಾರಿಯಸ್ ಇಬ್ಬರಿಗೂ ಶಾಂತಿಪಾಲನೆ ಮತ್ತು ಚಲನೆಯ ಕವಲುಗಳಿವೆ. ಶಾಂತಿಪಾಲನೆ ಎಂದರೆ ನಕ್ಷೆಯಲ್ಲಿ ಅಲೆಯುವ ಬಾರ್ಬೇರಿಯನ್ ಗುಂಪುಗಳನ್ನು ಅಡಗಿಸಿ ಅನುಭವದ ಅಂಕ ಗಳಿಸುವ ಕೆಲಸ. ಯೊಶಿತ್ಸುನೆಗೆ ಶಾಂತಿಪಾಲನೆಯ ಜೊತೆ ಸ್ಕಿಲ್ ಕವಲು. ಸಲಾದಿನ್‌ಗೆ ವಿಜಯ ಮತ್ತು ಬೆಂಬಲದ ಕವಲುಗಳು, ಬೈಬರ್ಸ್‌ಗೆ ವಿಜಯ ಮತ್ತು ಸ್ಕಿಲ್. ವಿಜಯದ ಕವಲು ಕೋಟೆ, ಊರುಗಳ ಮೇಲಿನ ದಾಳಿಗೆ ಒದಗುವಂಥದ್ದು. 1187ರಲ್ಲಿ ಹತ್ತಿನ್ ಕದನ ಗೆದ್ದು ಜೆರುಸಲೇಮನ್ನು ಹಿಡಿದ ಸಲಾದಿನ್‌ಗೂ, 1268ರಲ್ಲಿ ಅಂತಿಯೋಕವನ್ನು ಕ್ರುಸೇಡರರಿಂದ ಕಸಿದ ಬೈಬರ್ಸ್‌ಗೂ ಅದು ಸಂದಿರುವುದು ಉಚಿತವಾಗಿದೆ.

ಮೂರನೆಯ ಪದರವೇ ಎಲ್ಲಕ್ಕಿಂತ ಸ್ವಾರಸ್ಯದ್ದು. ಪ್ರಧಾನ ದಳಪತಿಗೆ ಮೂರು ನಕ್ಷತ್ರ ಬಂದಮೇಲೆ ದಂಡಿಗೆ ಒಬ್ಬ ಉಪದಳಪತಿಯನ್ನು ಸೇರಿಸಬಹುದು. ಉಪದಳಪತಿಯ ಸ್ಕಿಲ್‌ಗಳು ನಡೆಯುತ್ತವೆ, ಟ್ಯಾಲೆಂಟ್‌ಗಳು ನಡೆಯುವುದಿಲ್ಲ. ರೋಷ ತುಂಬಿ ಪ್ರಧಾನನ ಸ್ಕಿಲ್ ಸಿಡಿದ ಬೆನ್ನಿಗೇ ಉಪದಳಪತಿಯದೂ ಸಿಡಿಯುತ್ತದೆ. ಆದ್ದರಿಂದ ಒಳ್ಳೆಯ ಟ್ಯಾಲೆಂಟ್ ಉಳ್ಳವನು ಮುಂದೆ, ಒಳ್ಳೆಯ ಸ್ಕಿಲ್ ಉಳ್ಳವನು ಹಿಂದೆ ಎಂಬುದು ಜೋಡಿ ಕೂಡಿಸುವವರ ಮೊದಲ ಪಾಠ. ವೇಗದ ಸಾವ್ ಸಾವ್ ಜೊತೆ ಭಾರಿ ಹೊಡೆತದ ಯೊಶಿತ್ಸುನೆ ಬಾರ್ಬೇರಿಯನ್ ಬೇಟೆಗೆ ಹಳೆಯ, ನೆಚ್ಚಿನ ಜೋಡಿ. ಹಲವರ ದಂಡು ಒಟ್ಟುಗೂಡಿ ಕೋಟೆಯ ಮೇಲೆ ಬೀಳುವಾಗ ಅಟಿಲ ಮತ್ತು ತಕೆದಾ ಶಿಂಗೆನ್ ಒಂದಾಗುತ್ತಾರೆ. ಅಟಿಲ ಸತ್ತದ್ದು 453ರಲ್ಲಿ, ಶಿಂಗೆನ್ 1573ರಲ್ಲಿ. ನಡುವೆ 1120 ವರ್ಷ, ಹೂಣರ ಹುಲ್ಲುಗಾವಲಿನಿಂದ ಜಪಾನಿನ ಕಾಯಿ ಪ್ರಾಂತ್ಯದವರೆಗಿನ ದೂರ. ಆದರೂ ಜೋಡಿಯ ಈ ಕಲ್ಪನೆಯಲ್ಲಿ ಸೈನ್ಯದ ಒಂದು ಸತ್ಯವಿದೆ. ಚೆಂಗೀಸ್ ಖಾನನ ಗೆಲುವುಗಳ ಹಿಂದೆ ಸುಬುತೈ, ಜೆಬೆಯಂಥವರು ಇದ್ದರು. 1221ರಿಂದ 1223ರವರೆಗೆ ಈ ಇಬ್ಬರು ಕ್ಯಾಸ್ಪಿಯನ್ ಸಮುದ್ರದ ಸುತ್ತ ನಡೆಸಿದ ದಂಡಯಾತ್ರೆ ಅಶ್ವದಳದ ಇತಿಹಾಸದಲ್ಲೇ ಬೆರಗಿನ ಸಂಗತಿ. ಒಬ್ಬನ ಗುಣ ಇನ್ನೊಬ್ಬನ ಕೊರತೆಯನ್ನು ತುಂಬುವ ಇಂಥ ಜೊತೆಗಾರಿಕೆಗೆ ಆಟ ಒಂದು ರೂಪ ಕೊಟ್ಟಿದೆ.

ಇಷ್ಟೆಲ್ಲ ಅಂಕಿಗಳ ನಡುವೆ ಅಶ್ವದಳದ ದಳಪತಿಯನ್ನು ಬೇರೆಯವರಿಂದ ಪ್ರತ್ಯೇಕಿಸುವ ಸಾಮರ್ಥ್ಯ ಒಂದೇ: ವೇಗ. ಈ ಆಟದ ನಕ್ಷೆಯಲ್ಲಿ ದಂಡುಗಳು ಚೌಕದಿಂದ ಚೌಕಕ್ಕೆ ಜಿಗಿಯದೆ ಎಲ್ಲರ ಕಣ್ಣೆದುರು ನಿಜ ಸಮಯದಲ್ಲಿ ಸಾಗುತ್ತವೆ. ಸಾಗುವಾಗಲೇ ತಿರುಗಬಹುದು, ಹಿಂದಕ್ಕೆ ಸರಿಯಬಹುದು. ಎಲ್ಲ ಬಗೆಯ ಸೈನಿಕರಲ್ಲಿ ಕುದುರೆಯೇ ಚುರುಕು, ಮುತ್ತಿಗೆ ಯಂತ್ರವೇ ನಿಧಾನ. ಸ್ಕಿಲ್‌ನ ಹಾನಿಯ ಅಂಕ ಎಷ್ಟೇ ದೊಡ್ಡದಿರಲಿ, ಶತ್ರು ಕೈಗೆ ಸಿಕ್ಕಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ವೇಗವುಳ್ಳವನಾದರೆ ಎಲ್ಲಿ ಹೊಡೆಯಬೇಕು, ಯಾವಾಗ ಕದನ ಮುರಿದು ಹೊರಡಬೇಕು ಎಂಬುದನ್ನು ತಾನೇ ತೀರ್ಮಾನಿಸುತ್ತಾನೆ. ಒಂದು ದಂಡನ್ನು ಹಲವು ದಂಡುಗಳು ಸುತ್ತುವರಿದರೆ ಅದಕ್ಕೆ ತಗಲುವ ಹಾನಿ ಹೆಚ್ಚುವಂತೆ ಆಟದ ನಿಯಮವಿದೆ. ಸುತ್ತುವರಿಯುವ ಮೊದಲು ಜಾರಿಕೊಳ್ಳುವುದು, ಒಂಟಿಯಾದ ದಂಡನ್ನು ತಾನೇ ಸುತ್ತುವರಿಯುವುದು ಎರಡೂ ಕುದುರೆಗೆ ಸುಲಭ. ನುರಿತ ಆಟಗಾರರು ಅಶ್ವದಳವನ್ನು ಬಯಲಿನ ಕಾಳಗಕ್ಕೆ ಮೀಸಲಿಡುವುದು ಈ ಕಾರಣಕ್ಕೆ.

ಆಟದಲ್ಲಿ ಸಾವ್ ಸಾವ್ ವೇಗಕ್ಕೆ ಹೆಸರಾದವನು, ಇತಿಹಾಸದಲ್ಲೂ ಹಾಗೆಯೇ. 207ರಲ್ಲಿ ಉತ್ತರದ ವುಹುವಾನ್ ಬುಡಕಟ್ಟುಗಳ ಮೇಲೆ ಹೊರಟಾಗ, ಸಲಹೆಗಾರ ಗುವೊ ಜಿಯಾನ ಮಾತಿನಂತೆ ಭಾರದ ಸರಂಜಾಮನ್ನೆಲ್ಲ ಹಿಂದೆ ಬಿಟ್ಟು ಹಗುರ ದಂಡಿನೊಂದಿಗೆ ಧಾವಿಸಿದ. ಶತ್ರು ಸಜ್ಜಾಗುವ ಮೊದಲೇ ಬಿಳಿತೋಳದ ಬೆಟ್ಟದ ಬಳಿ ಕಾಳಗ ನಡೆದು ವುಹುವಾನ್ ನಾಯಕ ತಾದುನ್ ಸತ್ತ. ಮರುವರ್ಷ ಎದುರಾಳಿ ಲಿಯು ಬೇಯ್‌ನನ್ನು ಬೆನ್ನಟ್ಟಿದ ಅವನ 5000 ಆಯ್ದ ಸವಾರರು ಒಂದು ಹಗಲು ಒಂದು ರಾತ್ರಿಯಲ್ಲಿ 300 ಲೀ ದೂರ ಕ್ರಮಿಸಿ ಚಾಂಗ್‌ಬಾನ್‌ನಲ್ಲಿ ಅವನ ದಂಡನ್ನು ಬೆನ್ನಟ್ಟಿ ಮುಟ್ಟಿದರು ಎಂದು ಚೀನಾದ ಇತಿಹಾಸಗ್ರಂಥಗಳು ದಾಖಲಿಸಿವೆ. ಆ ಧಾವಂತದಿಂದ ಸಾವ್ ಸಾವ್‌ನ ಸೈನ್ಯ ಬಳಲಿದೆ ಎಂಬುದನ್ನೇ ಹಿಡಿದು ಲಿಯು ಬೇಯ್‌ನ ಸಲಹೆಗಾರ ಜೂಗೆ ಲಿಯಾಂಗ್ ದಕ್ಷಿಣದ ನಾಯಕ ಸುನ್ ಚುವಾನ್‌ನನ್ನು ಯುದ್ಧಕ್ಕೆ ಒಪ್ಪಿಸಿದ. ಆ ವರ್ಷದ ಚಳಿಗಾಲದಲ್ಲಿ ಕೆಂಪುಬಂಡೆಯ ಬಳಿ ಸಾವ್ ಸಾವ್ ಸೋತ. ವೇಗಕ್ಕೆ ತೆರಬೇಕಾದ ಈ ಬೆಲೆ ಆಟದಲ್ಲಿಲ್ಲ. ಅಲ್ಲಿ ಸಾವ್ ಸಾವ್‌ನ ಕುದುರೆಗಳು ದಿನವಿಡೀ ಓಡಿದರೂ ಮೊದಲ ಗಳಿಗೆಯ ಚುರುಕಿನಲ್ಲೇ ಇರುತ್ತವೆ.

ವೇಗವೇ ಯುದ್ಧವನ್ನು ತೀರ್ಮಾನಿಸಿದ ಒಂದು ನಿದರ್ಶನ ಕನ್ನಡ ನಾಡಿನ ಚರಿತ್ರೆಯಲ್ಲೇ ಇದೆ. ಮೊದಲ ಆಂಗ್ಲೋ-ಮೈಸೂರು ಯುದ್ಧದ ಕೊನೆಯಲ್ಲಿ, 1769ರ ಮಾರ್ಚ್ ತಿಂಗಳಲ್ಲಿ, ಹೈದರಾಲಿ ತನ್ನ ಮುಖ್ಯ ಸೈನ್ಯವನ್ನೂ ತೋಪುಗಳನ್ನೂ ಬೇರೆ ಕಡೆ ಕಳಿಸಿ, ಸುಮಾರು 6000 ಸವಾರರೊಂದಿಗೆ ಮೂರೂವರೆ ದಿನದಲ್ಲಿ 130 ಮೈಲಿ ದಾಟಿ ಮದ್ರಾಸಿನ ಬಾಗಿಲಿಗೆ ಬಂದು ನಿಂತ. ಕೋಟೆ ಮುರಿಯುವ ಯಾವ ಸಾಧನವೂ ಅವನ ಬಳಿ ಇರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಅವನಿಗಿಂತ ಹಿಂದೆ ಉಳಿದಿತ್ತು, ಅಷ್ಟೇ ಸಾಕಾಯಿತು. ಏಪ್ರಿಲ್‌ನಲ್ಲಿ ಮದ್ರಾಸು ಒಪ್ಪಂದವಾಯಿತು. ಆಟದ ಲೆಕ್ಕದಲ್ಲಿ ಹೇಳುವುದಾದರೆ ಇಲ್ಲಿ ಹಾನಿಯ ಅಂಕ ಶೂನ್ಯಕ್ಕೆ ಹತ್ತಿರ, ಫಲ ಪೂರ್ಣ ವಿಜಯದಷ್ಟು.

ಒಬ್ಬೊಬ್ಬರನ್ನೇ ತೆಗೆದುಕೊಂಡರೆ ಆಟಕ್ಕೂ ಇತಿಹಾಸಕ್ಕೂ ಇರುವ ಹೊಂದಿಕೆ ಏರುಪೇರಾಗಿದೆ. ಬೈಬರ್ಸ್‌ನ ಚಿತ್ರಣ ಬಹುಮಟ್ಟಿಗೆ ಹೊಂದುತ್ತದೆ. ಅವನ ಸಕ್ರಿಯ ಸ್ಕಿಲ್ ಬೀಸಣಿಗೆಯ ಆಕಾರದಲ್ಲಿ ಹರಡಿ ಐದು ಗುರಿಗಳವರೆಗೆ ತಟ್ಟುತ್ತದೆ, ತಟ್ಟಿದವರ ನಡಿಗೆಯನ್ನು ನಿಧಾನಗೊಳಿಸುತ್ತದೆ. ಕಿಪ್ಚಾಕ್ ಹುಲ್ಲುಗಾವಲಿನಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಮಮ್ಲೂಕ್ ಸವಾರನಾಗಿ ಬೆಳೆದ ಬೈಬರ್ಸ್ 1260ರ ಐನ್ ಜಾಲೂತ್ ಕದನದಲ್ಲಿ ಮುಂಚೂಣಿ ನಡೆಸಿ, ಹಿಮ್ಮೆಟ್ಟುವಂತೆ ನಟಿಸಿ ಮಂಗೋಲರನ್ನು ಮುಖ್ಯ ಸೈನ್ಯದ ಬಾಯಿಗೆ ಎಳೆತಂದನೆಂದು ಹೇಳಲಾಗುತ್ತದೆ. ಹಲವರನ್ನು ಒಮ್ಮೆಗೇ ಹಿಡಿದು ಕಾಲು ಕಟ್ಟಿಹಾಕುವ ಸ್ಕಿಲ್ ಇದಕ್ಕೆ ದೂರದ್ದೇನಲ್ಲ. ಆದರೆ ಸುಲ್ತಾನನಾದ ಮೇಲೆ ಅವನು ಕಟ್ಟಿದ ಕುದುರೆ ಅಂಚೆಯ ವ್ಯವಸ್ಥೆ, ದಮಾಸ್ಕಸ್‌ನ ಸುದ್ದಿಯನ್ನು ನಾಲ್ಕು ದಿನದಲ್ಲಿ ಕೈರೋಗೆ ಮುಟ್ಟಿಸುತ್ತಿದ್ದ ಆ ಅದ್ಭುತ, ಯಾವ ಸ್ಕಿಲ್‌ನಲ್ಲೂ ಕಾಣುವುದಿಲ್ಲ. ಸುದ್ದಿ ಬೇಗ ತಲುಪುವುದೂ ದಳಪತಿಯ ಸಾಮರ್ಥ್ಯವೇ. ಆಟಗಾರನಿಗೆ ನಕ್ಷೆ ಆಕಾಶದಿಂದ ಕಂಡಂತೆ ಕಾಣುವುದರಿಂದ ಆ ಸಾಮರ್ಥ್ಯದ ಬಹುಪಾಲು ಬೇಡವಾಗಿಬಿಟ್ಟಿದೆ.

ಯೊಶಿತ್ಸುನೆಯ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು. ಆಟದಲ್ಲಿ ಅವನು ಬಾರ್ಬೇರಿಯನ್ ಬೇಟೆಯ ಹೊಡೆತಗಾರ. ಇತಿಹಾಸದ ಯೊಶಿತ್ಸುನೆ ಬೇರೆ. 1184ರ ಇಚಿನೊತಾನಿ ಕದನದಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಕಡಿದಾದ ಬೆಟ್ಟದ ನಡುವೆ ತೈರಾ ಕುಲದವರು ನೆಲೆ ಮಾಡಿದ್ದರು. ಕುದುರೆ ಇಳಿಯಲಾರದೆಂದು ಅವರು ನಂಬಿದ್ದ ಆ ಕಡಿದಾದ ಕಡೆಯಿಂದಲೇ ಯೊಶಿತ್ಸುನೆ ಸವಾರರನ್ನು ಇಳಿಸಿದ ಎಂದು ಹೈಕೆ ಮೊನೊಗತಾರಿ ಕಥನ ಹೇಳುತ್ತದೆ. ಮರುವರ್ಷ ಬಿರುಗಾಳಿಯಲ್ಲಿ ಐದು ದೋಣಿಗಳಲ್ಲಿ ಸುಮಾರು 150 ಸವಾರರನ್ನು ದಾಟಿಸಿ, ಯಶಿಮಾದಲ್ಲಿ ಕಡಲ ಕಡೆಗೇ ಮುಖ ಮಾಡಿ ಕಾಯುತ್ತಿದ್ದ ಶತ್ರುವಿನ ಬೆನ್ನ ಹಿಂದೆ ನೆಲದ ದಾರಿಯಿಂದ ಬಿದ್ದ. ಅವನ ಪ್ರತಿಭೆ ಎದುರಾಳಿ ಅಸಾಧ್ಯವೆಂದು ಕೈಬಿಟ್ಟ ದಾರಿಯನ್ನು ಹುಡುಕುವುದರಲ್ಲಿತ್ತು. ಕಣಿವೆಯ ಬಾಗಿಲುಗಳನ್ನು ಬಿಟ್ಟರೆ ಬೆಟ್ಟ ದಾಟಲಾಗದ ನಕ್ಷೆಯಲ್ಲಿ ಅಂಥ ಪ್ರತಿಭೆಗೆ ಎಡೆಯೇ ಇಲ್ಲ.

ಸ್ಪೇನನ್ನು ಆರಿಸಿಕೊಂಡ ಆಟಗಾರನಿಗೆ ಮೊದಲಿಗೆ ದೊರೆಯುವ ಪೆಲಾಗಿಯಸ್ ಅಶ್ವದಳದವನಾದದ್ದು ವಿಚಿತ್ರ. ಅವನಿಗೆ ಹೆಸರು ತಂದ ಸುಮಾರು 722ರ ಕೊವಾಡೊಂಗ ಕದನ ಅಸ್ತೂರಿಯಾಸ್‌ನ ಬೆಟ್ಟಗಳ ನಡುವೆ, ಗುಹೆಯೊಂದರ ಆಸರೆಯಲ್ಲಿ ನಡೆದದ್ದು. ಆ ಇಕ್ಕಟ್ಟಿನಲ್ಲಿ ಕುದುರೆಗೆ ಕೆಲಸವಿರಲಿಲ್ಲ. ಅವನಿಗೆ ಕಾವಲಿನ ಟ್ಯಾಲೆಂಟ್ ಕವಲು ಕೊಟ್ಟಿರುವುದಷ್ಟೇ ಚರಿತ್ರೆಗೆ ಹತ್ತಿರ. ಬೈಜಾಂಟಿಯಮ್ಮನ್ನು ಆರಿಸಿದವನಿಗೆ ಮೊದಲಿಗೆ ದೊರೆಯುವ ಬೆಲಿಸಾರಿಯಸ್ ಇದಕ್ಕೆ ತದ್ವಿರುದ್ಧ. 530ರ ದಾರಾ ಕದನದಲ್ಲೂ, 533ರಲ್ಲಿ ವ್ಯಾಂಡಲರನ್ನು ಮುಗಿಸಿದ ಟ್ರಿಕಾಮರಮ್‌ನಲ್ಲೂ ಅವನ ಕುದುರೆ ದಂಡೇ ನಿರ್ಣಾಯಕವಾಯಿತು. ಕುದುರೆಯ ಮೇಲಿಂದ ಎರಡೂ ಬದಿಗೆ ಬಾಣ ಬಿಡಬಲ್ಲ ಆ ಸವಾರರನ್ನು ಅವನ ಕಾರ್ಯದರ್ಶಿಯಾಗಿದ್ದ ಪ್ರೊಕೊಪಿಯಸ್ ವರ್ಣಿಸಿದ್ದಾನೆ.

ಚಂದ್ರಗುಪ್ತ ಮೌರ್ಯನನ್ನು ಅಶ್ವದಳಕ್ಕೆ ಸೇರಿಸಿದ್ದು ಇನ್ನಷ್ಟು ಪ್ರಶ್ನಾರ್ಹ. ಪಾಟಲಿಪುತ್ರದ ಅರಸನ ಬಳಿ ಆರು ಲಕ್ಷ ಪದಾತಿ, 30,000 ಕುದುರೆ, 9000 ಆನೆ ಇದ್ದವೆಂದು ರೋಮಿನ ಪ್ಲಿನಿ ಬರೆಯುತ್ತಾನೆ. ಈ ಲೆಕ್ಕದಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಗ್ರೀಕ್ ಜಗತ್ತು ಅವನಿಂದ ಬಯಸಿದ್ದು ಆನೆಗಳನ್ನು ಎಂಬುದರಲ್ಲಿ ಅನುಮಾನವಿಲ್ಲ. ಗ್ರೀಕ್ ಅರಸ ಸೆಲ್ಯೂಕಸ್ ಸಿಂಧೂ ಕಡೆಯ ನಾಡುಗಳನ್ನು ಬಿಟ್ಟುಕೊಟ್ಟು 500 ಆನೆಗಳನ್ನು ಪಡೆದ, ಕ್ರಿ.ಪೂ. 301ರ ಇಪ್ಸಸ್ ಕದನದಲ್ಲಿ ಆನೆಗಳ ನೆರವಿನಿಂದಲೇ ಗೆದ್ದ. ಜೈನ ಪರಂಪರೆಯ ಚಂದ್ರಗುಪ್ತ ಭದ್ರಬಾಹುವಿನೊಡನೆ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನದಿಂದ ದೇಹ ಬಿಟ್ಟವನು. ಅಲ್ಲಿನ ಚಿಕ್ಕಬೆಟ್ಟಕ್ಕೆ ಚಂದ್ರಗಿರಿ ಎಂಬ ಹೆಸರು ನಿಂತಿದೆ. ಕನ್ನಡಿಗರಿಗೆ ತಪಸ್ವಿಯಾಗಿ ಪರಿಚಿತನಾದ ಅರಸ ಈ ಆಟದಲ್ಲಿ ಸವಾರರ ನಾಯಕ.

ಆಟದ ಅತಿ ದೊಡ್ಡ ಕೊರತೆ ಕುದುರೆಯದೇ. ಆಟದಲ್ಲಿ ಕುದುರೆಗೆ ಮೇವಿಲ್ಲ, ದಣಿವಿಲ್ಲ, ತಳಿಯಿಲ್ಲ. ಮಂಗೋಲ್ ಸವಾರನೊಬ್ಬ ದಂಡಯಾತ್ರೆಗೆ ಹೊರಡುವಾಗ ಹಲವು ಕುದುರೆಗಳನ್ನು ಜೊತೆಗೊಯ್ದು, ಒಂದು ದಣಿದಾಗ ಇನ್ನೊಂದನ್ನು ಏರುತ್ತಿದ್ದ. ಚೆಂಗೀಸ್ ಖಾನನ ಸೈನ್ಯದ ವೇಗದ ಗುಟ್ಟೇ ಅದು. ಅಷ್ಟು ಕುದುರೆಗಳಿಗೆ ಹುಲ್ಲು ಬೇಕಾದ್ದರಿಂದ ಹುಲ್ಲುಗಾವಲು ಇರುವೆಡೆ ಮಾತ್ರ ಆ ವೇಗ ನಡೆಯುತ್ತಿತ್ತು. ದಕ್ಷಿಣ ಭಾರತದಲ್ಲಿ ಒಳ್ಳೆಯ ತಳಿಯ ಕುದುರೆ ಹುಟ್ಟುತ್ತಿರಲಿಲ್ಲವಾಗಿ ವಿಜಯನಗರದ ಅರಸರು ಅರೇಬಿಯಾ, ಪರ್ಷಿಯಾಗಳ ಕುದುರೆಗಳನ್ನು ಸಮುದ್ರದಾಚೆಯಿಂದ ತರಿಸುತ್ತಿದ್ದರು. ಪೋರ್ಚುಗೀಸರು ಗೋವೆಯಲ್ಲಿ ನೆಲೆನಿಂತ ಮೇಲೆ ಆ ವ್ಯಾಪಾರದ ಹಿಡಿತಕ್ಕಾಗಿ ರಾಜಕೀಯವೇ ನಡೆಯಿತು. ಸ್ವಂತ ಕುದುರೆಯ ಮೇಲೆ ಚಾಕರಿಗೆ ಬರುವ ಸಿಲೇದಾರ, ಸರ್ಕಾರದ ಕುದುರೆ ಏರುವ ಬಾರಗೀರ ಎಂಬ ಭೇದ ಮೈಸೂರಿನಲ್ಲೂ ಮರಾಠರಲ್ಲೂ ಇದ್ದು, ಕದನದಲ್ಲಿ ಅದರ ಪರಿಣಾಮ ಕಾಣುತ್ತಿತ್ತು. ಕುದುರೆ ಸತ್ತರೆ ಜೀವನೋಪಾಯವೇ ಹೋಗುತ್ತಿದ್ದ ಸಿಲೇದಾರ ಅದನ್ನು ಗುಂಡಿನ ಬಾಯಿಗೆ ಒಡ್ಡಲು ಹಿಂಜರಿಯುತ್ತಿದ್ದ. ಇಂಥ ಸವಾರರನ್ನು ಹುರಿದುಂಬಿಸಿ ನುಗ್ಗಿಸುವುದು ನಿಜವಾದ ದಳಪತಿಯ ಕೆಲಸವಾಗಿತ್ತು. ಆಟದಲ್ಲಿ ಸವಾರ ಮತ್ತು ಕುದುರೆ ಸೇರಿ ಒಂದೇ ಅಂಕಿ. ಗಾಯಗೊಂಡರೆ ಆಸ್ಪತ್ರೆಗೆ ಹೋಗಿ, ಸಂಪನ್ಮೂಲಗಳನ್ನು ತೆತ್ತ ಮೇಲೆ ಮರಳುತ್ತದೆ.

ಎರಡನೆಯ ಕೊರತೆ ನಟನೆಯ ಹಿಮ್ಮೆಟ್ಟುವಿಕೆ. 1066ರ ಹೇಸ್ಟಿಂಗ್ಸ್‌ನಲ್ಲಿ ವಿಲಿಯಮ್ಮನ ನಾರ್ಮನ್ ಸವಾರರು, 1223ರ ಕಾಲ್ಕಾ ನದಿಯ ಬಳಿ ಸುಬುತೈ ಮತ್ತು ಜೆಬೆ, ಓಡಿಹೋಗುವಂತೆ ನಟಿಸಿ ಶತ್ರುವಿನ ಸಾಲು ಮುರಿಯುವಂತೆ ಮಾಡಿದರು. ಬೆನ್ನು ತೋರಿಸಿ ಓಡುವ ಸೈನ್ಯವನ್ನು ಮತ್ತೆ ತಿರುಗಿಸುವುದಕ್ಕಿಂತ ಕಷ್ಟದ ಕೆಲಸ ದಳಪತಿಗೆ ಇನ್ನೊಂದಿಲ್ಲ. ಇದನ್ನು ಯಾವ ಸ್ಕಿಲ್ ಆಗಿಯೂ ಬರೆದಿಲ್ಲ. ಆದರೂ ಆಟಗಾರರು ಇದನ್ನು ತಾವಾಗಿ ಕಂಡುಕೊಂಡಿದ್ದಾರೆ. ಒಂದು ವೇಗದ ಅಶ್ವದಳ ಮುಂದೆ ಹೋಗಿ ಕೆಣಕಿ, ಬೆನ್ನಟ್ಟುವವರನ್ನು ತನ್ನ ಕೂಟದವರ ನಡುವೆ ತಂದು ಬಿಡುತ್ತದೆ. ನಕ್ಷೆಯಲ್ಲಿ ಮುಕ್ತ ಚಲನೆ ಇರುವುದರಿಂದ ಇದು ಸಾಧ್ಯವಾಯಿತು. ವಿನ್ಯಾಸಕಾರರು ಅಂಕಿಯಲ್ಲಿ ಬರೆಯದ ಸಾಮರ್ಥ್ಯವೊಂದು ಆಡುವವರ ಕೈಯಲ್ಲಿ ಮರುಹುಟ್ಟು ಪಡೆದ ಈ ಬಗೆ ಆಟದ ನಿಜವಾದ ಹಿರಿಮೆ.

ದಳಪತಿಗಳ ಮೌಲ್ಯಕ್ಕೆ ಹಣದ ಮುಖವೂ ಇದೆ. ಲೆಜೆಂಡರಿ ಎಂಬ ಮೇಲಿನ ದರ್ಜೆಯ ದಳಪತಿಗಳ ಪ್ರತಿಮೆಗಳು ಅದೃಷ್ಟಚಕ್ರದಂಥ ಕಾರ್ಯಕ್ರಮಗಳಲ್ಲಿ ರತ್ನಗಳನ್ನು ಸುರಿದಾಗ ದೊರೆಯುತ್ತವೆ. ರತ್ನಗಳನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಒಬ್ಬನ ನಾಲ್ಕೂ ಸ್ಕಿಲ್ ತುಂಬಿಸಲು ದುಡ್ಡು ಹಾಕದವನಿಗೆ ಬಹುಕಾಲದ ತಾಳ್ಮೆ ಬೇಕು, ದುಡ್ಡು ಹಾಕುವವನಿಗೆ ಕೆಲವು ದಿನ ಸಾಕು. ವ್ಯಾಪಾರ ನಡೆಯಬೇಕಾದ್ದರಿಂದ ಹೊಸ ದಳಪತಿಗಳು ಬರುತ್ತಲೇ ಇರುತ್ತಾರೆ, ಹೊಸಬರು ಹಳಬರಿಗಿಂತ ಬಲವಾಗಿರುತ್ತಾರೆ. ಶ್ಯಾಂಗ್ ಯೂ, ಅಲೆಕ್ಸಾಂಡರ್ ನೆವ್‌ಸ್ಕಿ ಮೊದಲಾದವರು ಬಂದಮೇಲೆ ಚೆಂಗೀಸ್ ಖಾನನ ಬೇಡಿಕೆ ಇಳಿಯಿತು. ಅರ್ಧ ಏಷ್ಯಾವನ್ನು ಗೆದ್ದ ಮನುಷ್ಯನ ಸ್ಥಾನ ಇಲ್ಲಿ ಅವನು ಬಿಡುಗಡೆಯಾದ ಋತುವನ್ನು ಅವಲಂಬಿಸಿದೆ. ಇತಿಹಾಸವನ್ನು ಪ್ರೀತಿಸುವ ಆಟಗಾರನಿಗೆ ಇದು ನೋವಿನ ಸಂಗತಿ.

ಭಾರತದಲ್ಲಿ ಈ ಆಟದ ಹಾದಿ 2020ರಲ್ಲಿ ಮುಚ್ಚಿತು. ಆ ವರ್ಷದ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ತಡೆಹಿಡಿದ 118 ಆ್ಯಪ್‌ಗಳ ಪಟ್ಟಿಯಲ್ಲಿ ಪಬ್‌ಜಿ ಜೊತೆಗೆ ರೈಸ್ ಆಫ್ ಕಿಂಗ್‌ಡಮ್ಸ್ ಹೆಸರೂ ಇತ್ತು. ವಿದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಆ ಅಡ್ಡಿ ಇಲ್ಲ. ಅಲ್ಲಿ ಹೊಸದಾಗಿ ಆಡಲು ಕೂರುವವನಿಗೆ, ದುಡ್ಡು ಹಾಕುವ ಇರಾದೆ ಇಲ್ಲದಿದ್ದರೆ, ಅಶ್ವದಳದ ದಾರಿ ಲೆಜೆಂಡರಿಗಿಂತ ಕೆಳಗಿನ ಎಪಿಕ್ ದರ್ಜೆಯ ದಳಪತಿಗಳಿಂದಲೇ ಆರಂಭವಾಗುತ್ತದೆ. ಓಡಾಟಕ್ಕೆ ಬೆಲಿಸಾರಿಯಸ್, ಹಲವರನ್ನು ಒಮ್ಮೆಗೇ ತಟ್ಟಲು ಬೈಬರ್ಸ್, ನೆಲೆ ಕಾಯಲು ಪೆಲಾಗಿಯಸ್. ಇವರ ಪ್ರತಿಮೆಗಳು ಸುಲಭವಾಗಿ ದೊರೆಯುವುದರಿಂದ ಸ್ಕಿಲ್‌ಗಳನ್ನು ಪೂರ್ತಿ ತುಂಬಿಸಬಹುದು. ಪೂರ್ತಿ ತುಂಬಿದ ಎಪಿಕ್ ಜೋಡಿಯೊಂದು ಅರೆಬರೆ ಏರಿದ ಲೆಜೆಂಡರಿ ದಳಪತಿಗಿಂತ ಮೊದಮೊದಲ ತಿಂಗಳುಗಳಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.